ದಂಡಿಗೆ ಹುರುಳಿ, ಕಾರ್ಖಾನೆಗೆ ಆಳು, ಲೇಔಟಿಗೆ ಹೊಲ

ಬಂಗಾರಪೇಟೆ, ಮಾಲೂರು ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಕೃಷ್ಣರಾಜಪುರ, ಬೈಯಪ್ಪನಹಳ್ಳಿ ದಾಟಿದ ಮೇಲೆ ಒಂದು ಬೋರ್ಡು ನೋಡಿರುತ್ತೀರಿ: 'ಬೆಂಗಳೂರು ದಂಡು'. ಎಲ್ಲರ ಬಾಯಲ್ಲಿ ಅದು ಕಂಟೋನ್ಮೆಂಟ್. ದಂಡು ಅಂದರೆ ಸೈನ್ಯ. ಊರಿನ ಒಂದು ಭಾಗಕ್ಕೇ ಸೈನ್ಯ ಅಂತ ಹೆಸರು ಬಿದ್ದಿದೆ.

ಸೈನ್ಯ ಅಂದ ಕೂಡಲೇ ನಮಗೆ ಕೋವಿ, ಕುದುರೆ, ಕವಾಯತು ನೆನಪಾಗುತ್ತವೆ. ಆದರೆ ಸೈನಿಕರು ಮೂರು ಹೊತ್ತು ಉಣ್ಣಬೇಕು. ಕುದುರೆ ಮೇಯಬೇಕು. ಬಟ್ಟೆ ಒಗೆಯಬೇಕು, ಬೂಟು ಹೊಲಿಯಬೇಕು, ಹಾಲು ಬರಬೇಕು. ಯುದ್ಧ ಯಾವಾಗಲೋ ಒಮ್ಮೆ. ಖರೀದಿ ಮಾತ್ರ ದಿನವೂ. ಶಿವಾಜಿನಗರ, ಹಲಸೂರು, ಆಮೇಲೆ ಇಂದಿರಾನಗರ, ಕೆ.ಆರ್. ಪುರ ಬೆಳೆದ ಕಥೆಯನ್ನು ಈ ಖರೀದಿಯ ಕಡೆಯಿಂದ ನೋಡಿದರೆ, ನಮ್ಮ ಹಳ್ಳಿಗಳಿಗೆ ಇವತ್ತು ಏನಾಗುತ್ತಿದೆ ಅನ್ನುವುದೂ ಸ್ವಲ್ಪ ತಿಳಿಯುತ್ತದೆ.

ದಂಡು ಬಂದಿಳಿದ ಹಳ್ಳಿ

1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆ ಯುದ್ಧದ ಕಾಲದಲ್ಲಿ ಅವನ ಸೈನ್ಯಕ್ಕೆ ಧಾನ್ಯ ತಲುಪಿಸಿದವರಲ್ಲಿ ಲಂಬಾಣಿಗರು ಮುಖ್ಯರು. ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ದಂಡಿನ ಹಿಂದೆ ಹೋಗುವುದು ಅವರ ಕಸುಬು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರು ಶ್ರೀರಂಗಪಟ್ಟಣದಲ್ಲೇ ಪಡೆ ಇಟ್ಟರು. ಅಲ್ಲಿ ಜ್ವರದ ಕಾಟ ಹೆಚ್ಚಾಯಿತು. 1809ರ ಸುಮಾರಿಗೆ ಪಡೆಯನ್ನು ಬೆಂಗಳೂರಿಗೆ ತಂದು, ಪೇಟೆಯ ಪೂರ್ವಕ್ಕೆ, ಹಲಸೂರಿನ ಸುತ್ತ ನೆಲೆ ಮಾಡಿಸಿದರು.

ಹಲಸೂರು ಆಗಲೇ ಹಳೆಯ ಊರು. ಸೋಮೇಶ್ವರ ದೇವಸ್ಥಾನ ಇತ್ತು, ಕೆರೆ ಇತ್ತು, ಹೊಲಗದ್ದೆ ಇದ್ದವು. ನೀರು ಮತ್ತು ಬಯಲು ಇದ್ದ ಕಾರಣಕ್ಕೇ ದಂಡಿಗೆ ಆ ಜಾಗ ಹಿಡಿಸಿತು. ಮದ್ರಾಸ್ ಸ್ಯಾಪರ್ಸ್ ಎಂಬ ಪಡೆ 1834ರಿಂದ ಬೆಂಗಳೂರನ್ನೇ ನೆಲೆ ಮಾಡಿಕೊಂಡಿದೆ. ಅದರ ಕೇಂದ್ರ ಇವತ್ತಿಗೂ ಹಲಸೂರು ಕೆರೆಯ ಪಕ್ಕದಲ್ಲೇ ಇದೆ.

ರಸ್ತೆಯ ಹೆಸರೇ ಲೆಕ್ಕದ ಪುಸ್ತಕ

ಆ ಭಾಗದ ರಸ್ತೆಗಳ ಹೆಸರು ಓದುತ್ತಾ ಹೋಗಿ. ಇನ್‌ಫೆಂಟ್ರಿ ರಸ್ತೆ ಕಾಲಾಳುಗಳದ್ದು. ಈಗಿನ ಕಾಮರಾಜ ರಸ್ತೆ ಆಗ ಕ್ಯಾವಲ್ರಿ ರಸ್ತೆ, ಅಂದರೆ ಕುದುರೆ ದಂಡಿನದ್ದು. ಕಮಿಸರಿಯೆಟ್ ರಸ್ತೆ ಅಂತ ಇನ್ನೊಂದಿದೆ. ಕಮಿಸರಿಯೆಟ್ ಅಂದರೆ ಸೈನ್ಯಕ್ಕೆ ದಿನಸಿ, ಮಾಂಸ, ಮೇವು ಕೊಳ್ಳುವ ಇಲಾಖೆ. ನಮ್ಮ ರೈತರ ಮಾಲು ಗುತ್ತಿಗೆದಾರರ ಕೈದಾಟಿ ಕೊನೆಗೆ ಸೇರುತ್ತಿದ್ದದ್ದು ಈ ಇಲಾಖೆಗೆ.

ಕಮರ್ಷಿಯಲ್ ಸ್ಟ್ರೀಟ್ ಸುತ್ತ ಬಂದರೆ ನಾರಾಯಣ ಪಿಳ್ಳೆ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ಮೀನಾಕ್ಷಿ ಕೋಯಿಲ್ ಬೀದಿ. ಮದ್ರಾಸ್ ಪ್ರಾಂತ್ಯದ ಸೈನ್ಯದ ಹಿಂದೆಯೇ ತಮಿಳು ಮಾತಾಡುವ ಗುತ್ತಿಗೆದಾರರು, ಅಡುಗೆಯವರು, ಕೂಲಿಗಳು ಬಂದರು. ಉರ್ದು ಮಾತಾಡುವ ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು. ಕಚ್ಛಿ ಮೇಮನ್ನರು, ಮುದಲಿಯಾರರು ಅಂಗಡಿ ತೆರೆದರು. ಬ್ಲ್ಯಾಕ್‌ಪಲ್ಲಿ ಅನ್ನುವ ಊರು ಹೀಗೆ ಬಜಾರಾಗಿ ಬೆಳೆದು, ಕೊನೆಗೆ ಶಿವಾಜಿನಗರ ಆಯಿತು. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಕೇಳಿಸುವುದಕ್ಕೆ ಕಾರಣ ಇದು: ದಂಡಿಗೆ ಯಾವ ಕೆಲಸ ಬೇಕಿತ್ತೋ ಆ ಕೆಲಸದವರು ಬಂದು ನೆಲೆಸಿದರು.

ಕುದುರೆಗೆ ಹುರುಳಿ, ದೊರೆಗೆ ಕೋಸು

ನಾವು ಸಾರು ಮಾಡಿ ಉಣ್ಣುವ ಹುರುಳಿಗೆ ಇಂಗ್ಲಿಷಿನಲ್ಲಿ 'ಹಾರ್ಸ್ ಗ್ರಾಮ್', ಅಂದರೆ ಕುದುರೆ ಕಾಳು, ಅಂತ ಹೆಸರು. ದಕ್ಷಿಣ ಭಾರತದಲ್ಲಿ ಕುದುರೆಗೆ ಬೇಯಿಸಿ ಹಾಕುತ್ತಿದ್ದದ್ದು ಇದನ್ನೇ. ಮಳೆ ಕಡಿಮೆ ಬಿದ್ದರೂ ಬರುವ ಬೆಳೆಗೆ ದಂಡು ಖಾಯಂ ಗಿರಾಕಿಯಾಯಿತು.

ಇನ್ನು ತರಕಾರಿ. ಎಲೆಕೋಸು, ಹೂಕೋಸು, ನವಿಲುಕೋಸು, ಕ್ಯಾರೆಟ್ ನಮ್ಮ ಅಜ್ಜ ಮುತ್ತಜ್ಜಂದಿರು ತಿಂದು ಬೆಳೆದ ತರಕಾರಿಗಳಲ್ಲ. ಬಿಳಿಯರ ಊಟದ ಮೇಜಿಗಾಗಿ ಬೆಂಗಳೂರಿನ ಸುತ್ತ ಇವನ್ನು ಬೆಳೆಯತೊಡಗಿದರು. ಮಾರುಕಟ್ಟೆಯಲ್ಲಿ ಇವತ್ತಿಗೂ 'ಇಂಗ್ಲಿಷ್ ತರಕಾರಿ' ಅನ್ನುವ ಮಾತು ಉಳಿದಿದೆ. ಸೀಮೆಬದನೆ ಮೆಕ್ಸಿಕೋ ಕಡೆಯದ್ದು. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ಕಾಲದಲ್ಲಿ ಇಲ್ಲಿ ಬೇರೂರಿತು ಎನ್ನುತ್ತಾರೆ. ತಮಿಳರು ಅದನ್ನು 'ಬೆಂಗಳೂರು ಬದನೆ' ಎಂದೇ ಕರೆಯುತ್ತಾರೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಅನ್ನುವ ಮಾತುಗಳ ಸಾಲಿಗೇ ಇದೂ ಸೇರುತ್ತದೆ.

1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ಈ ವ್ಯಾಪಾರಕ್ಕೆ ಒಂದು ಸೂರು ಕೊಟ್ಟಿತು. ಗಿರಾಕಿ ಏನು ತಿನ್ನುತ್ತಾನೆ ಅನ್ನುವುದರ ಮೇಲೆ ರೈತ ಏನು ಬಿತ್ತಬೇಕು ಅನ್ನುವುದು ತೀರ್ಮಾನವಾಗತೊಡಗಿತ್ತು.

ರೈಲು ಬಂತು, ಬರವೂ ಬಂತು

1864ರಲ್ಲಿ ಜೋಲಾರಪೇಟೆಯಿಂದ ರೈಲು ಬೆಂಗಳೂರಿಗೆ ಬಂತು. ಬಂದು ನಿಂತದ್ದು ದಂಡಿನಲ್ಲಿ. ಪೇಟೆಯ ಕಡೆ ಸಿಟಿ ನಿಲ್ದಾಣ ಆದದ್ದು 1880ರ ದಶಕದಲ್ಲಿ. ರೈಲು, ರಸ್ತೆ ಆದ ಮೇಲೆ ಲಂಬಾಣಿಗರ ಎತ್ತಿನ ಸಾಗಣೆಗೆ ಕೆಲಸವೇ ಇಲ್ಲದಾಯಿತು. ತಲೆತಲಾಂತರದ ಕಸುಬು ಕಳೆದುಕೊಂಡ ಅವರು ಕೂಲಿ, ಬೇಸಾಯ ಹುಡುಕಬೇಕಾಯಿತು.

1876–78ರ ದೊಡ್ಡ ಬರದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು, ಸತ್ತರು ಎಂಬ ಅಂದಾಜಿದೆ. ಆಗ ಬೆಂಗಳೂರಿಗೆ ರೈಲು ಇತ್ತು. ಮದ್ರಾಸಿನಿಂದ ಧಾನ್ಯವೂ ಬರುತ್ತಿತ್ತು. ಆದರೆ ರೈಲು ಧಾನ್ಯವನ್ನು ನಿಲ್ದಾಣಕ್ಕೆ ತಂದೀತು, ಕೂಲಿಯೇ ಸಿಗದವನ ಕೈಗೆ ಕಾಸು ತಂದು ಕೊಡದು. ಬೆಲೆ ಏರಿತು, ಕೊಳ್ಳಲಾಗದವರು ಹಸಿದರು. ಮಾರುಕಟ್ಟೆ ಹತ್ತಿರ ಇದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ ಅನ್ನುವುದನ್ನು ಆ ಬರ ತೋರಿಸಿತು.

ದುಡಿದ ದುಡ್ಡು ಎಲ್ಲಿ ಹೋಯಿತು

ದಂಡಿನ ವ್ಯಾಪಾರದಲ್ಲಿ ಕೆಲವರು ದೊಡ್ಡ ಶ್ರೀಮಂತರಾದರು. ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಗುತ್ತಿಗೆದಾರರು. ಈಗ ಹೈಕೋರ್ಟ್ ಇರುವ ಅಠಾರ ಕಚೇರಿ ಕಟ್ಟಿದವರು ಅವರೇ. 1873ರಲ್ಲಿ ಅವರು ದಂಡಿನಲ್ಲಿ ಶಾಲೆ ಶುರು ಮಾಡಿದರು. ಅದೇ ಮುಂದೆ ಆರ್‌ಬಿಎಎನ್‌ಎಂ ಶಿಕ್ಷಣ ಸಂಸ್ಥೆಯಾಯಿತು. ಹಾಜಿ ಸರ್ ಇಸ್ಮಾಯಿಲ್ ಸೇಠ್ ವ್ಯಾಪಾರಿ. ಶಿವಾಜಿನಗರದ ಘೋಷಾ ಆಸ್ಪತ್ರೆಗೆ ಅವರದೇ ಹೆಸರಿದೆ. ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆ ಹೋಗುವಾಗ ಸಿಗುವ ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದ ಶೆಟ್ಟರ ಹೆಸರಿನದು.

ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಕೂಲಿ ಮಾಡಿದವರ ಹೆಸರಿನಲ್ಲಿ ಯಾವ ಕೆರೆಯೂ ಇಲ್ಲ. ಆದರೂ ಲಾಭದ ಒಂದು ಪಾಲು ಶಾಲೆ, ಆಸ್ಪತ್ರೆ, ಕೆರೆಯಾಗಿ ಅದೇ ಜನರ ನಡುವೆ ಉಳಿಯಿತು.

ಸೈರನ್ ಕೂಗಿದ ಮೇಲೆ

1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈಗೆ ಬಂದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಇತ್ತು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಅಷ್ಟರಲ್ಲಿ ಪೂರ್ವ ಭಾಗಕ್ಕೆ ಹೊಸ ಗಿರಾಕಿ ಬಂದಾಗಿತ್ತು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಎಚ್‌ಎಎಲ್. 1948ರಲ್ಲಿ ಕೆ.ಆರ್. ಪುರದ ಬಳಿ ಐಟಿಐ ಬಂತು, ಅದರ ಸುತ್ತ ದೂರವಾಣಿನಗರ ಎದ್ದಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಬಂತು. ದಂಡು ಹಳ್ಳಿಯಿಂದ ಕಾಳು ಕೊಂಡಿತ್ತು, ಕಾರ್ಖಾನೆ ಆಳನ್ನು ಕೊಂಡಿತು. ಸುಗ್ಗಿಗೊಮ್ಮೆ ಬರುತ್ತಿದ್ದ ದುಡ್ಡು ಈಗ ತಿಂಗಳಿಗೊಮ್ಮೆ ಬರತೊಡಗಿತು. ಮಳೆ ನೋಡಿ ಏಳುತ್ತಿದ್ದವರು ಸೈರನ್ ಕೇಳಿ ಏಳತೊಡಗಿದರು. ಪಿಎಫ್, ಇಎಸ್‌ಐ, ಕ್ವಾರ್ಟರ್ಸ್ ಅನ್ನುವ ಮಾತುಗಳು ಮನೆಯೊಳಗೆ ಬಂದವು.

ಈ ಸಂಬಳವೂ ಸುಮ್ಮನೆ ಬರಲಿಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಐಟಿಐ ಸೇರಿದಂತೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದರು. 1991ರ ನಂತರ ಮಾರುಕಟ್ಟೆ ತೆರೆದಾಗ ಐಟಿಐ ಸೊರಗಿತು. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು.

ಕೊನೆಗೆ ಹೊಲವೇ ಮಾಲಾಯಿತು

ಇಂದಿರಾನಗರ ಇರುವ ಜಾಗದಲ್ಲಿ ಮೊದಲು ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ತಿಪ್ಪಸಂದ್ರದಂಥ ಹಳ್ಳಿಗಳ ಹೊಲಗಳಿದ್ದವು. ಸರ್ಕಾರ ಹೊಲಗಳನ್ನು ಸ್ವಾಧೀನ ಮಾಡಿಕೊಂಡು ಸೈಟು ಮಾಡಿ ಹಂಚಿತು. ಆಮೇಲೆ ಸಾಫ್ಟ್‌ವೇರ್ ದುಡ್ಡು ಬಂತು, 100 ಅಡಿ ರಸ್ತೆಯ ಮನೆಗಳು ಶೋರೂಮು, ಹೋಟೆಲುಗಳಾದವು. 2011ರಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಇದೇ ದಾರಿಯಲ್ಲಿ. 2007ರಲ್ಲಿ ಕೆ.ಆರ್. ಪುರ ಬಿಬಿಎಂಪಿಗೆ ಸೇರಿತು, 2023ರಲ್ಲಿ ಅಲ್ಲಿಗೂ ಮೆಟ್ರೊ ಬಂತು. ನೆಲದ ಬೆಲೆ ಪ್ರತಿ ಹೆಜ್ಜೆಗೂ ಏರಿತು. ಆದರೆ ಏರಿದ ಬೆಲೆ ಸಿಕ್ಕಿದ್ದು ಆಗ ನೆಲ ಯಾರ ಕೈಯಲ್ಲಿತ್ತೋ ಅವರಿಗೆ, ಮೊದಲು ಉತ್ತವರಿಗಲ್ಲ.

ಊರೊಳಗಿನ ಗ್ರಾಮಠಾಣಾ ಜಾಗ ಉಳಿಸಿಕೊಂಡವರು ಅದರಲ್ಲೇ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಅವರಿಗೆ ಬಾಡಿಗೆಯೇ ಹೊಸ ಬೆಳೆ. ಪಹಣಿಯಲ್ಲಿ ಹೆಸರಿದ್ದವರಿಗೆ ಒಂದು ಸಲ ಪರಿಹಾರ ಬಂತು. ಬೇರೆಯವರ ಹೊಲದಲ್ಲಿ ಕಳೆ ಕಿತ್ತವರು, ಬದುವಿನ ಹುಲ್ಲು ನಂಬಿ ಹಸು ಕಟ್ಟಿದ ಹೆಂಗಸರು, ಬಾಯಿಮಾತಿನ ಮೇಲೆ ಗುತ್ತಿಗೆಗೆ ಮಾಡುತ್ತಿದ್ದವರು ಯಾವ ಪಹಣಿಯಲ್ಲೂ ಇಲ್ಲ. ಹೊಲ ಹೋದಾಗ ಅವರ ಕೂಲಿಯೂ ಹೋಯಿತು.

ಹುರುಳಿ ಮಾರಿದವನು ಮುಂದಿನ ವರ್ಷ ಮತ್ತೆ ಬಿತ್ತಬಹುದಿತ್ತು. ಆಳಾಗಿ ಹೋದವನಿಗೆ ನಿವೃತ್ತಿಯವರೆಗೆ ಸಂಬಳ ಇತ್ತು. ನೆಲ ಮಾತ್ರ ಒಂದೇ ಸಲ ಮಾರುವ ಮಾಲು.

ಹೊಸಕೋಟೆಯಿಂದ ಚೆನ್ನೈ ಕಡೆಗೆ ಎಕ್ಸ್‌ಪ್ರೆಸ್‌ವೇ ಹೊರಟಿದೆ. ಅದರ ಎಡಬಲದ ಊರುಗಳಲ್ಲಿ ಹೊಲಕ್ಕೆ ಬೆಲೆ ಕೇಳಿಕೊಂಡು ಬರುವವರನ್ನು ನೀವು ನೋಡಿಯೇ ಇರುತ್ತೀರಿ. ಮಾರುವುದೋ ಬಿಡುವುದೋ ಅವರವರ ಮನೆಯ ಕಷ್ಟಸುಖ. ಕೈಗೆ ಬರುವ ಮೊತ್ತ ಎಷ್ಟು ಅಂತ ಕೇಳುವಾಗಲೇ ಇನ್ನೆರಡು ಮಾತೂ ಕೇಳಿ: ಹತ್ತು ವರ್ಷ ಆದ ಮೇಲೆ ತಿಂಗಳ ಖರ್ಚು ಎಲ್ಲಿಂದ ಬರುತ್ತದೆ? ಈ ಹೊಲ ನಂಬಿಕೊಂಡು, ಪಹಣಿಯಲ್ಲಿ ಹೆಸರಿಲ್ಲದೆ ಬದುಕುತ್ತಿರುವವರು ಎಷ್ಟು ಜನ? ಕೋಡಿಹಳ್ಳಿ, ದೂಪನಹಳ್ಳಿಗಳ ಹೊಲ ಹೋದಾಗ ಪರಿಹಾರದ ಪಟ್ಟಿಯಲ್ಲಿ ಈ ಎರಡಕ್ಕೂ ಜಾಗ ಇರಲಿಲ್ಲ.