ಅಧ್ಯಕ್ಷರ ಕಾಗದಪತ್ರಗಳು ಯಾರ ಸೊತ್ತು?

ಅಧಿಕಾರದಿಂದ ಇಳಿದ ರಾಷ್ಟ್ರನಾಯಕರು ಸರ್ಕಾರದ ಗುಪ್ತಪತ್ರಗಳನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡಿದ್ದ ವಿಷಯವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೨ರಿಂದ ೨೦೨೪ರ ವರೆಗೆ ದೊಡ್ಡ ವಾದವು ನಡೆಯಿತು. ಅದು ರಾಜ್ಯರಹಸ್ಯಕ್ಕೆ ಮಾತ್ರ ಸಂಬಂಧಿಸಿದ ವಾದವೆಂದು ಮೇಲುನೋಟಕ್ಕೆ ತೋರುವುದು. ಆದರೆ ಅದರ ಬುಡದಲ್ಲಿರುವುದು ಇನ್ನೂ ಹಳೆಯ ಪ್ರಶ್ನೆ: ಅಧಿಕಾರದಲ್ಲಿದ್ದಾಗ ಬರೆದ, ಬರೆಯಿಸಿದ, ಪಡೆದ ಕಾಗದಗಳು ಆ ವ್ಯಕ್ತಿಗೆ ಸೇರಿದುವೋ, ಆತನು ಕುಳಿತಿದ್ದ ಪೀಠಕ್ಕೆ ಸೇರಿದುವೋ?

ಮೊದಲ ಸುಮಾರು ೧೮೦ ವರ್ಷಗಳ ಕಾಲ ಅವು ವ್ಯಕ್ತಿಯವೇ ಎಂಬುದು ಆ ರಾಷ್ಟ್ರದ ರೂಢಿಯಾಗಿದ್ದಿತು. ಜಾರ್ಜ್ ವಾಷಿಂಗ್ಟನ್ನರು ೧೭೯೭ರಲ್ಲಿ ಅಧ್ಯಕ್ಷಪದವಿಯನ್ನು ಬಿಟ್ಟಾಗ ತಮ್ಮ ಪತ್ರಗಳನ್ನು ಮೌಂಟ್ ವರ್ನನ್ನಿನ ಮನೆಗೆ ಕೊಂಡೊಯ್ದರು; ಮುಂದೆ ಅವು ವಾರಸುದಾರರ ಕೈಸೇರಲು, ೧೮೩೪ರಲ್ಲಿ ಸರ್ಕಾರವು ೨೫,೦೦೦ ಡಾಲರುಗಳನ್ನು ತೆತ್ತು ತನ್ನ ಕಾರ್ಯಭಾರದ ಪತ್ರಗಳನ್ನೇ ತಾನು ಕೊಳ್ಳಬೇಕಾಯಿತು. ಲಿಂಕನ್ನರ ಪತ್ರಗಳನ್ನು ಅವರ ಮಗನು ಕಾಂಗ್ರೆಸ್ಸಿನ ಗ್ರಂಥಭಂಡಾರಕ್ಕೆ ಒಪ್ಪಿಸಿದರೂ, ತಾನು ತೀರಿಕೊಂಡು ೨೧ ವರ್ಷಗಳು ಕಳೆಯುವ ವರೆಗೆ ತೆರೆಯಕೂಡದೆಂದು ವಿಧಿಸಿದುದರಿಂದ ಅವು ವಿದ್ವಾಂಸರಿಗೆ ದೊರೆತದ್ದು ೧೯೪೭ರಲ್ಲಿ. ಚೆಸ್ಟರ್ ಆರ್ಥರರಾದರೋ ೧೮೮೬ರಲ್ಲಿ, ಮರಣಕ್ಕೆ ತುಸು ಮುಂಚೆ, ತಮ್ಮ ಪತ್ರಗಳಲ್ಲಿ ಬಹುಭಾಗವನ್ನು ಸುಡಿಸಿಬಿಟ್ಟರು. ರೂಢಿಯಂತೆ ಅದು ತಮ್ಮ ಸೊತ್ತನ್ನು ತಾವೇ ಸುಟ್ಟಂತೆ. ಚರಿತ್ರಕಾರರಿಗೆ ಮಾತ್ರ ತುಂಬಿಬಾರದ ನಷ್ಟ.

ಈ ರೂಢಿಯು ಮುರಿದುಬಿದ್ದದ್ದು ೧೯೭೪ರಲ್ಲಿ. ಆಗಸ್ಟ್ ೯ರಂದು ಪದತ್ಯಾಗಮಾಡಿದ ರಿಚರ್ಡ್ ನಿಕ್ಸನ್ನರು ಸುಮಾರು ೪ ಕೋಟಿ ೨೦ ಲಕ್ಷ ಪುಟಗಳ ಕಾಗದಗಳೂ ಸುಮಾರು ೮೮೦ ಧ್ವನಿಮುದ್ರಿಕೆಗಳೂ ತಮ್ಮವೆಂದು ಸಾಧಿಸಿದರು. ಮುಂದೆ ಆ ಮುದ್ರಿಕೆಗಳನ್ನು ನಾಶಪಡಿಸಲು ಅವಕಾಶವೀಯುವ ಒಡಂಬಡಿಕೆಯೂ ಸೆಪ್ಟೆಂಬರಿನಲ್ಲಿ ಆಯಿತು. ಅವುಗಳಲ್ಲಿ ವಾಟರ್‌ಗೇಟ್ ಪ್ರಕರಣದ ಸಾಕ್ಷ್ಯವಿದ್ದುದರಿಂದ ಡಿಸೆಂಬರಿನಲ್ಲಿ ಕಾಂಗ್ರೆಸ್ಸು ವಿಶೇಷ ಕಾಯಿದೆಯನ್ನು ಮಾಡಿ ಎಲ್ಲವನ್ನೂ ಸರ್ಕಾರದ ವಶದಲ್ಲಿರಿಸಿತು. ೧೯೭೭ರಲ್ಲಿ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಆದರೂ ಹಳೆಯ ರೂಢಿಯ ಬಲವು ಎಷ್ಟಿದ್ದಿತೆಂದರೆ, ೨೦೦೦ದಲ್ಲಿ ಸರ್ಕಾರವು ಈ ಸ್ವಾಧೀನಕ್ಕಾಗಿ ನಿಕ್ಸನ್ನರ ವಾರಸುದಾರರ ಪಕ್ಷಕ್ಕೆ ೧ ಕೋಟಿ ೮೦ ಲಕ್ಷ ಡಾಲರುಗಳ ಪರಿಹಾರವನ್ನು ಒಪ್ಪಿಕೊಂಡಿತು.

೧೯೭೮ರಲ್ಲಿ ಆದ ಅಧ್ಯಕ್ಷೀಯ ದಫ್ತರುಗಳ ಕಾಯಿದೆಯು, ೧೯೮೧ರ ಜನವರಿ ೨೦ರಿಂದ ಹುಟ್ಟುವ ದಫ್ತರುಗಳ ಒಡೆತನವು ರಾಷ್ಟ್ರದ್ದೆಂದು ಸಾರಿತು. ಇದರಲ್ಲಿ ಎರಡು ಸಂದುಗಳು ಉಳಿದುವು. ಉಲ್ಲಂಘಿಸಿದವರಿಗೆ ಈ ಕಾಯಿದೆಯು ದಂಡನೆಯನ್ನು ಹೇಳಲಿಲ್ಲ. ದಿನಚರಿ ಮೊದಲಾದ ಸ್ವಂತ ಬರಹಗಳನ್ನು ಅದು ವ್ಯಕ್ತಿಗೇ ಬಿಟ್ಟಿತು.

ಇತ್ತೀಚಿನ ವಾದವು ಈ ಸಂದುಗಳಲ್ಲಿಯೇ ಬೆಳೆಯಿತು. ೨೦೨೨ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪರ ಮಾರ್-ಅ-ಲಾಗೋ ನಿವಾಸದಿಂದ ೧೫ ಪೆಟ್ಟಿಗೆಗಳು ರಾಷ್ಟ್ರೀಯ ದಫ್ತರಖಾನೆಗೆ ಮರಳಿದುವು. ಆಗಸ್ಟ್ ೮ರಂದು ಅಲ್ಲಿ ಶೋಧನೆಯಾಯಿತು. ಮರುವರ್ಷ ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಬಹುಭಾಗ ೧೯೧೭ರ ಬೇಹುಗಾರಿಕೆಯ ಕಾಯಿದೆಯಂತೆ ಬಂದುವು. ಆ ಕಾಯಿದೆಯು ಕೇಳುವುದು ಒಡೆತನವನ್ನಲ್ಲ, ದೇಶರಕ್ಷಣೆಯ ಪತ್ರಗಳನ್ನು ಅಧಿಕಾರವಿಲ್ಲದೆ ಇರಿಸಿಕೊಂಡುದನ್ನು. ೧೯೭೮ರ ಕಾಯಿದೆಯಂತೆ ಇವನ್ನು ಸ್ವಂತ ಪತ್ರಗಳೆಂದು ಎಣಿಸಲು ಅಧ್ಯಕ್ಷರಿಗೆ ಅಧಿಕಾರವಿದ್ದಿತೆಂದು ಟ್ರಂಪರ ಪಕ್ಷವು ವಾದಿಸಿತು. ೨೦೨೪ರ ಜುಲೈ ೧೫ರಂದು ವಿಶೇಷ ಅಭಿಯೋಜಕರ ನೇಮಕವೇ ಅಸಿಂಧುವೆಂಬ ಕಾರಣದಿಂದ ಮೊಕದ್ದಮೆಯು ವಜಾ ಆದುದರಿಂದ, ಮೇಲಣ ನ್ಯಾಯಾಲಯಗಳು ಆ ವಾದವನ್ನು ತೀರ್ಮಾನಿಸುವ ಸಂದರ್ಭ ಒದಗಲಿಲ್ಲ. ಜೋ ಬೈಡನ್ನರ ವಿಷಯದಲ್ಲಿ ತೊಡಕಾದದ್ದು ಕೈಬರಹದ ಟಿಪ್ಪಣಿಪುಸ್ತಕಗಳು. ಅವು ಸ್ವಂತ ದಿನಚರಿಗಳಾಗಿಯೂ ರಾಜ್ಯರಹಸ್ಯವುಳ್ಳವಾಗಿಯೂ ಇದ್ದುವು. ೨೦೨೪ರ ಫೆಬ್ರವರಿಯ ವರದಿಯು ಆರೋಪ ಹೊರಿಸುವುದು ಯುಕ್ತವಲ್ಲವೆಂದಿತು. ಮೈಕ್ ಪೆನ್ಸರ ಇಂಡಿಯಾನಾದ ಮನೆಯಲ್ಲಿ ಪತ್ರಗಳು ದೊರೆತ ವಿಚಾರಣೆಯು ೨೦೨೩ರಲ್ಲಿಯೇ ಆರೋಪವಿಲ್ಲದೆ ಮುಗಿದಿದ್ದಿತು.

ಈ ಮೂರು ಪ್ರಕರಣಗಳ ನಡತೆ ಒಂದೇ ಬಗೆಯದಲ್ಲ. ಕೇಳಿದಾಗ ಹಿಂದಕ್ಕೆ ಕೊಟ್ಟುದಕ್ಕೂ ಕೊಡದೆ ಹೋದುದಕ್ಕೂ ಅಂತರವಿದೆ. ಆದರೆ ಚರ್ಚೆಯೆಲ್ಲ ಗುಟ್ಟಿನ ಸುತ್ತಲೇ ತಿರುಗಿದರೆ ಮುಖ್ಯಾಂಶವು ಮರೆಯಾಗುವುದು. ರಹಸ್ಯವು ಕಾಲಕ್ರಮದಲ್ಲಿ ಹಳತಾಗಿ ಬಯಲಿಗೆ ಬರುತ್ತದೆ. ಖಾಸಗಿ ಪೆಟ್ಟಿಗೆಯನ್ನು ಸೇರಿದ ಪತ್ರವಾದರೋ, ಆರ್ಥರರ ಪತ್ರಗಳಂತೆ, ಯಾವ ಕಾಲಕ್ಕೂ ಬಾರದೆ ಹೋಗಬಹುದು. ಆದಕಾರಣ ೧೯೭೮ರ ಕಾಯಿದೆಯು ರಕ್ಷಿಸಹೊರಟದ್ದು ಸರ್ಕಾರದ ಗುಟ್ಟನ್ನಲ್ಲ, ಮುಂದಿನ ಪೀಳಿಗೆಯು ತನ್ನನ್ನು ಆಳಿದವರ ನಡತೆಯನ್ನು ಅವರ ಕಾಗದಗಳಿಂದಲೇ ಅರಿಯುವ ಹಕ್ಕನ್ನು.