ಹೊಗೆಸೊಪ್ಪಿನ ಸಂಗ

"ಸಹವಾಸದಿಂದ ಸಂನ್ಯಾಸಿ ಕೆಟ್ಟ" ಎಂಬ ಗಾದೆ ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಮಗನ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕ ದಿನ ಅದು ತಪ್ಪದೆ ಕೇಳಿಬರುತ್ತದೆ. ಗಾದೆ ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಸಂಗದಿಂದ ಅಂಟಿಕೊಂಡದ್ದು ಸಂಗದಿಂದಲೇ ಬಿಟ್ಟುಹೋಗಬಲ್ಲದು ಎಂಬ ಉಳಿದರ್ಧವನ್ನು ಹೊಗೆಸೊಪ್ಪಿನ ಚರಿತ್ರೆಯೇ ಹೇಳುತ್ತದೆ. ಆ ಚರಿತ್ರೆಯನ್ನು ನಮ್ಮ ಬಳ್ಳಾರಿ ಸೀಮೆಯಿಂದಲೇ ಆರಂಭಿಸೋಣ.

ಕುರುಗೋಡಿಗೆ ಹೋದವರೆಲ್ಲ ಅಲ್ಲಿಯ ದೊಡ್ಡ ಬಸವೇಶ್ವರನನ್ನು ಕಂಡೇ ಬಂದಿರುತ್ತೀರಿ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸಿಂದ ಅರಸರ ನೆಲೆಯಾಗಿತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ಎಲೆ ಇದೆ, ಅಡಿಕೆ ಇದೆ, ಎಣ್ಣೆ ಇದೆ, ಭತ್ತವಿದೆ. ಹೊಗೆಸೊಪ್ಪು ಮಾತ್ರ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆ ಗಿಡದ ತವರು ಅಮೆರಿಕ. ಕೊಲಂಬಸನು ೧೪೯೨ರಲ್ಲಿ ಅಲ್ಲಿಗೆ ಹೋಗುವವರೆಗೆ ನಮ್ಮ ಕಡೆಯ ಯಾರೂ ಅದನ್ನು ಕಂಡವರಲ್ಲ. ಮುಂದೆ ಪೋರ್ಚುಗೀಸರ ಹಡಗುಗಳೊಡನೆ ಅದು ನಮ್ಮ ಕರಾವಳಿಗೆ ಬಂದಿತು. "ತಂಬಾಕು" ಎಂಬ ಹೆಸರು ಸೊಪ್ಪಿನ ಜೊತೆಗೇ ಹೊರಗಿನಿಂದ ಬಂದದ್ದು. "ಹೊಗೆಸೊಪ್ಪು" ಎಂದು ನಮ್ಮವರು ಕಂಡದ್ದನ್ನು ಕಂಡಹಾಗೆ ಕರೆದರು. "ಇದು ತಾತ ಮುತ್ತಾತಂದಿರ ಕಾಲದ ಅಭ್ಯಾಸ" ಎನ್ನುವವರು, ಆ ಮುತ್ತಾತಂದಿರ ಮುತ್ತಾತಂದಿರು ಇದರ ಹೆಸರನ್ನೇ ಅರಿಯರೆಂಬುದನ್ನು ನೆನೆಯಬೇಕು.

ಈ ಸೊಪ್ಪು ಉತ್ತರ ಹಿಂದೂಸ್ಥಾನದ ದರ್ಬಾರನ್ನು ಹೊಕ್ಕ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಬಳ್ಳಾರಿಯ ಹಂಡೆ ಪಾಳೆಯಗಾರರು ಬಿಜಾಪುರಕ್ಕೆ ಕಪ್ಪ ಸಲ್ಲಿಸುತ್ತಿದ್ದ ಕಾಲವದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್ ಎಂಬವನು ಬಿಜಾಪುರದಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡು ಬೆರಗಾದ. ೧೬೦೪ರ ಸುಮಾರಿಗೆ ಹಿಂದಿರುಗುವಾಗ ಒಂದಷ್ಟನ್ನು ಕಟ್ಟಿಕೊಂಡು, ರತ್ನಖಚಿತವಾದ ಹುಕ್ಕಾದೊಡನೆ ಬಾದಶಹನ ಮುಂದಿಟ್ಟ. ಅಕ್ಬರನು ಕುತೂಹಲಕ್ಕೆ ಒಂದೆರಡು ಬಾರಿ ಎಳೆದ. ಪರೀಕ್ಷಿಸದ ವಸ್ತುವನ್ನು ಸೇವಿಸಬಾರದೆಂದು ಆಸ್ಥಾನ ವೈದ್ಯರು ತಡೆದರು. ಅಕ್ಬರನು ಅದನ್ನು ರೂಢಿಮಾಡಿಕೊಳ್ಳಲಿಲ್ಲ. ಆದರೆ ಅಸದ್ ಬೇಗನು ಅಲ್ಲಿದ್ದ ಅಮೀರರಿಗೆಲ್ಲ ಸೊಪ್ಪನ್ನು ಹಂಚಿಬಿಟ್ಟಿದ್ದ. ಒಬ್ಬನು ಸೇದಿದ್ದನ್ನು ನೋಡಿ ಇನ್ನೊಬ್ಬನು ಕೇಳಿದ. ಸ್ವಲ್ಪ ದಿನಗಳಲ್ಲೇ ವ್ಯಾಪಾರಿಗಳು ಮಾರತೊಡಗಿದರು. ೧೬೧೭ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸಿ ಅಪ್ಪಣೆ ಹೊರಡಿಸಿದನಾದರೂ ಬಾದಶಹನ ಅಪ್ಪಣೆಗೆ ಹೊಗೆ ಬಗ್ಗಲಿಲ್ಲ. ಗೆಳೆಯರು ಕೈಯಿಂದ ಕೈಗೆ ದಾಟಿಸಿದ್ದನ್ನು ಆಜ್ಞೆಯೊಂದರಿಂದಲೇ ಕಿತ್ತುಕೊಳ್ಳಲು ಬರುವುದಿಲ್ಲ ಎಂಬುದು ಈ ಚರಿತ್ರೆಯ ಮೊದಲ ಪಾಠ.

ಅಲ್ಲಿಂದ ಮುಂದೆ ಹೊಗೆ ಹಲವು ವೇಷ ತೊಟ್ಟಿತು. ಶ್ರೀಮಂತರ ಹುಕ್ಕಾ, ಹಳ್ಳಿಯ ಕಟ್ಟೆಯ ಗುಡುಗುಡಿ, ನಮ್ಮ ಸೀಮೆಯ ಚುಟ್ಟ, ಆಮೇಲೆ ಬೀಡಿ, ಸಿಗರೇಟು. ಶಿಶುನಾಳ ಶರೀಫರು (೧೮೧೯–೧೮೮೯) ಗುಡುಗುಡಿಯನ್ನೇ ರೂಪಕ ಮಾಡಿಕೊಂಡು ತತ್ತ್ವಪದ ಕಟ್ಟುವಷ್ಟು ಅದು ಮನೆಮಾತಾಗಿತ್ತು. ವೇಷ ಬದಲಾದರೂ ಗುಣ ಬದಲಾಗಲಿಲ್ಲ. ಗುಡುಗುಡಿ ಬಾಯಿಂದ ಬಾಯಿಗೆ ಸುತ್ತಿತು. ಬೀಡಿ ಸೇದುವವನು ಪಕ್ಕದವನಿಂದ ಬೆಂಕಿ ಕೇಳಿದ. ಬೀಡಾ ಅಂಗಡಿಯ ಕಂಬಕ್ಕೆ ಹೊಗೆಯಾಡುವ ನಾರಿನ ಹಗ್ಗವನ್ನು ತೂಗುಬಿಡುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಒಂದು ಹಗ್ಗದ ಕಿಡಿಗೆ ಊರಿನವರೆಲ್ಲ ಬಾಗುತ್ತಿದ್ದರು. ಹಾಗೆ ಬಾಗಿದ ತರುಣರಲ್ಲಿ ಎಷ್ಟೋ ಮಂದಿ ಹೊಗೆಯ ರುಚಿಗೆ ಬಾಗಿದವರಲ್ಲ, ಗುಂಪಿನಲ್ಲಿ ಒಬ್ಬರಾಗಬೇಕೆಂಬ ಆಸೆಗೆ ಬಾಗಿದವರು.

ಇನ್ನು ಬಿಡುವುದರ ಚರಿತ್ರೆಗೆ ಬರೋಣ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಪ್ರಸಂಗವೊಂದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರೂ ಅವರ ನೆಂಟನೊಬ್ಬನೂ ಸೇರಿ, ಚಿಕ್ಕಪ್ಪ ಸೇದಿ ಎಸೆದ ಸಿಗರೇಟಿನ ತುಂಡುಗಳನ್ನು ಆಯ್ದು ಸೇದತೊಡಗಿದರು. ಅದು ಸಾಲದೆ ಆಳಿನ ಪುಡಿಕಾಸನ್ನು ಕದ್ದರು. ಕೊನೆಗೆ ಆ ಚಟವನ್ನು ಬಿಟ್ಟದ್ದೂ ಇಬ್ಬರೂ ಕೂಡಿಯೇ. ಒಬ್ಬನು ಬಿಟ್ಟು ಇನ್ನೊಬ್ಬನು ಸೇದುತ್ತಲೇ ಇದ್ದಿದ್ದರೆ ಆ ಬಿಡುವಿಕೆ ಎಷ್ಟು ದಿನ ಬಾಳುತ್ತಿತ್ತೋ ಊಹಿಸಿ ನೋಡಿ.

ವಿಜ್ಞಾನವು ಈ ವಿಷಯಕ್ಕೆ ಗಂಭೀರವಾಗಿ ಕೈಹಾಕಿದ್ದು ಇಪ್ಪತ್ತನೆಯ ಶತಮಾನದ ನಡುವೆ. ೧೯೫೦ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದರು. ತಾನೂ ಸೇದುತ್ತಿದ್ದ ಡಾಲ್, ಲೆಕ್ಕ ಕಣ್ಣಿಗೆ ಬಿದ್ದಾಗ ಸೇದುವುದನ್ನು ನಿಲ್ಲಿಸಿದ. ೧೯೫೧ರಲ್ಲಿ ಅವರು ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರವರ ಅಭ್ಯಾಸವನ್ನು ವಿಚಾರಿಸಿದರು. ೪೦,೦೦೦ಕ್ಕೂ ಹೆಚ್ಚು ಮಂದಿ ಉತ್ತರ ಕೊಟ್ಟರು. ಅವರಲ್ಲಿ ಗಂಡಸರನ್ನು ಐವತ್ತು ವರ್ಷಗಳ ಕಾಲ ಹಿಂಬಾಲಿಸಿದ ಫಲಿತಾಂಶ ೨೦೦೪ರಲ್ಲಿ ಹೊರಬಂದಿತು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಅರವತ್ತರಲ್ಲಿ ಬಿಟ್ಟವರಿಗೆ ಸುಮಾರು ೩ ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ೬, ನಲವತ್ತರಲ್ಲಿ ಬಿಟ್ಟವರಿಗೆ ೯, ಮೂವತ್ತರಲ್ಲಿ ಬಿಟ್ಟವರಿಗೆ ೧೦ ವರ್ಷ ಆಯುಸ್ಸು ಮರಳಿ ದೊರೆತಿತ್ತು. ತರುಣರಾದ ನೀವು ಗಮನಿಸಬೇಕಾದ ಅಂಕೆ ಈ ಕೊನೆಯದು. ಮೂವತ್ತರೊಳಗೆ ಬಿಟ್ಟರೆ ಕಳೆದುಕೊಳ್ಳಬೇಕಾಗಿದ್ದುದು ಬಹುಮಟ್ಟಿಗೆ ಪೂರ್ತಿಯಾಗಿ ಕೈಗೆ ಬರುತ್ತದೆ.

ಬಿಡುವ ಬಗೆ ಹೇಗೆ? ೧೯೬೦ರ ಸುಮಾರಿಗೆ ಅಮೆರಿಕದಲ್ಲಿ ಫೋಕೆನ್‌ಬರ್ಗ್ ಎಂಬ ಪಾದ್ರಿಯೂ ಮ್ಯಾಕ್‌ಫರ್ಲೆಂಡ್ ಎಂಬ ವೈದ್ಯರೂ ಕೂಡಿ "ಐದು ದಿನಗಳ ಯೋಜನೆ"ಯೊಂದನ್ನು ರೂಪಿಸಿದರು. ಬಿಡಬೇಕೆನ್ನುವವರು ಐದು ಸಂಜೆ ಒಂದೆಡೆ ಕೂಡುವುದು, ಚೆನ್ನಾಗಿ ನೀರು ಕುಡಿಯುವುದು, ಇಬ್ಬಿಬ್ಬರು ಜೋಡಿಯಾಗಿ ಒಬ್ಬರಿಗೊಬ್ಬರು ಧೈರ್ಯ ಹೇಳುವುದು. ಇದರ ಹಿಂದಿನ ತತ್ತ್ವಕ್ಕೆ ಲೆಕ್ಕದ ಬಲ ಬಂದದ್ದು ೨೦೦೮ರಲ್ಲಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಹೃದ್ರೋಗ ಅಧ್ಯಯನಕ್ಕೆ ಸೇರಿದ ೧೨,೦೬೭ ಜನರ ೧೯೭೧ರಿಂದ ೨೦೦೩ರವರೆಗಿನ ದಾಖಲೆಗಳನ್ನು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ವಿದ್ವಾಂಸರು ಶೋಧಿಸಿದರು. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು. ಗೆಳೆಯನು ಬಿಟ್ಟರೆ ಇನ್ನೊಬ್ಬ ಗೆಳೆಯನು ಸೇದುವ ಸಂಭವ ಶೇಕಡಾ ೩೬ರಷ್ಟು ಇಳಿದಿತ್ತು. ಸಣ್ಣ ಕೆಲಸದ ಮನೆಯಲ್ಲಿ ಜೊತೆಯವನು ಬಿಟ್ಟರೆ ಶೇಕಡಾ ೩೪ರಷ್ಟು. ಗಂಡಹೆಂಡಿರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರದು ಶೇಕಡಾ ೬೭ರಷ್ಟು.

ಈಗ ನಮ್ಮ ಊರಿಗೇ ಹಿಂದಿರುಗೋಣ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹುಡುಗನಿರಲಿ, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವವನಿರಲಿ, ಕುರುಗೋಡಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವವನಿರಲಿ, ಸಿಗರೇಟು ಬಿಡಲು ಇವನಿಗೆ ಇರುವ ಅಡ್ಡಿ ನಿಕೋಟಿನ್ ಒಂದೇ ಅಲ್ಲ. "ಬಾರಪ್ಪಾ, ಒಂದು ದಮ್ಮು ಹೊಡೆದು ಬರೋಣ" ಎಂದು ಕರೆಯುವ ಗೆಳೆಯನಿಗೆ ಒಲ್ಲೆನೆಂದರೆ ಗೆಳೆತನವೇ ಹೋದೀತೆಂಬ ಅಳುಕು ಅದಕ್ಕಿಂತ ದೊಡ್ಡದು. ಇಪ್ಪತ್ತೆರಡರ ವಯಸ್ಸಿನಲ್ಲಿ ಹತ್ತು ವರ್ಷದ ಆಯುಸ್ಸು ದೂರದ ಮಾತು. ಸಂಜೆಯ ಚಹಾದಂಗಡಿ ಹತ್ತಿರದ ಮಾತು. "ಚಟ ಬಿಡು" ಎನ್ನುವಾಗ "ಗೆಳೆಯರನ್ನು ಬಿಡು" ಎಂದೂ ಅವನ ಕಿವಿಗೆ ಕೇಳಿಸುತ್ತದೆ. ಆದ್ದರಿಂದ ಗೆಳೆಯರನ್ನು ಬಿಡಬೇಡಿ, ಗೆಳೆಯರೊಡನೆ ಬಿಡಿ.

ಗುಂಪಿನಲ್ಲಿ ಇಬ್ಬರು ಮೂವರಾದರೂ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ಮೊದಲ ಮೂರು ನಾಲ್ಕು ದಿನ ಕಠಿಣ: ಸಿಡುಕು, ನಿದ್ದೆಗೇಡು, ಮನಸ್ಸು ನಿಲ್ಲದಿರುವುದು. ಎರಡರಿಂದ ನಾಲ್ಕು ವಾರಗಳಲ್ಲಿ ಇವು ತಗ್ಗುತ್ತವೆ. ಸೇದಬೇಕೆಂಬ ಒಂದೊಂದು ಸೆಳೆತವೂ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಅಷ್ಟು ಹೊತ್ತು ಜೊತೆಗಾರನೊಡನೆ ಮಾತನಾಡಿ, ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಚಹಾ ಬಿಡಬೇಕಾಗಿಲ್ಲ; ಕೂಡುವ ಜಾಗವನ್ನು ಬೀಡಾ ಅಂಗಡಿಯಿಂದ ದೂರಕ್ಕೆ ಬದಲಿಸಿದರೆ ಸಾಕು. ಒಬ್ಬನು ಜಾರಿ ಒಂದು ಸೇದಿದರೆ ಹಂಗಿಸದಿರಿ. ಮರುದಿನ ಮತ್ತೆ ಜೊತೆಗೆ ಕರೆದುಕೊಳ್ಳಿ. ಹಂಗಿಸಿದವನಿಗಿಂತ ಕಾದವನೇ ಗೆಳೆಯ.

ಹೊರಗಿನ ನೆರವೂ ಉಂಟು. ೨೦೦೨ರಲ್ಲಿ ದೇಶದಲ್ಲಿ ತೆರೆದ ೧೩ ತಂಬಾಕು ವಿಮುಕ್ತಿ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಯವೂ ಸೇರಿದ್ದವು. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ೧೮೦೦-೧೧-೨೩೫೬, ಕರೆಗೆ ಹಣವಿಲ್ಲ. ೨೦೨೫ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾನೂನು ತಂಬಾಕು ಮಾರಾಟದ ವಯಸ್ಸಿನ ಮಿತಿಯನ್ನು ೧೮ರಿಂದ ೨೧ಕ್ಕೆ ಏರಿಸಿದೆ. ಸಮೀಕ್ಷೆಗಳ ಪ್ರಕಾರ ದೇಶದಲ್ಲಿ ತಂಬಾಕು ಬಳಸುವ ವಯಸ್ಕರು ೨೦೦೯–೧೦ರಲ್ಲಿ ಶೇಕಡಾ ೩೪.೬ರಷ್ಟಿದ್ದು, ೨೦೧೬–೧೭ಕ್ಕೆ ೨೮.೬ಕ್ಕೆ ಇಳಿದಿದ್ದರು. ಹೊಗೆ ಇಳಿಯಲಾರದ್ದೇನೂ ಅಲ್ಲ.

ಮನೆಯ ಹಿರಿಯರಿಗೂ ಒಂದು ಮಾತು. ಹುಡುಗನ ಜೇಬಿನಲ್ಲಿ ಬೆಂಕಿಪೊಟ್ಟಣ ಕಂಡಾಗ ಅವನ ಗೆಳೆಯರನ್ನು ಬೈದು ಅಟ್ಟಬೇಡಿ. ಅವರನ್ನೂ ಒಳಗೆ ಕರೆದು ಕೂಡಿಸಿ, ಚಹಾ ಕೊಡಿ, ಮಾತು ತೆಗೆಯಿರಿ. ನೀವೂ ಸೇದುವವರಾದರೆ ಅವರೊಡನೆ ಅದೇ ದಿನ ಬಿಡಿ. ನಾನೂರು ವರ್ಷಗಳ ಹಿಂದೆ ಕೈಯಿಂದ ಕೈಗೆ ದಾಟಿ ಬಂದದ್ದನ್ನು ಕೆಳಗಿಡುವಾಗಲೂ ಒಂದಕ್ಕಿಂತ ಹೆಚ್ಚು ಕೈ ಬೇಕು.