ಕೃತಕ ಸೊಂಟದ ಕೀಲು: ದೋಷ ಪರಿಶೀಲನೆಯಲ್ಲಿ ಗಣಕಯಂತ್ರ ಸಿಮ್ಯುಲೇಶನ್ – ಅರ್ಜಿದಾರರ ತಿಳುವಳಿಕೆಗಾಗಿ

ಕೃತಕ ಸೊಂಟದ ಕೀಲನ್ನು ಅಳವಡಿಸಿಕೊಂಡ ನಂತರ ನೋವು, ಊತ ಅಥವಾ ಕೀಲು ಸಡಿಲಗೊಳ್ಳುವ ತೊಂದರೆಗೆ ಒಳಗಾಗಿ ಚಿಕಿತ್ಸಾ ವೆಚ್ಚ, ಅಂಗವಿಕಲತೆಯ ಪ್ರಮಾಣಪತ್ರ ಅಥವಾ ಪರಿಹಾರಧನ ಕೋರುವ ನಾಗರಿಕರು, ತಯಾರಕರ ದಾಖಲೆಗಳಲ್ಲಿಯೂ ತಜ್ಞರ ವರದಿಗಳಲ್ಲಿಯೂ ‘ಗಣಕಯಂತ್ರ ಸಿಮ್ಯುಲೇಶನ್’ ಎಂಬ ಪದವನ್ನು ಕಾಣಬಹುದಾಗಿದೆ. ಸದರಿ ವಿಧಾನದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಇದು ವೈದ್ಯಕೀಯ ಸಲಹೆಯಲ್ಲ.

ಸಿಮ್ಯುಲೇಶನ್ ಎಂದರೇನು

ಕೃತಕ ಕೀಲಿನಲ್ಲಿ ಸೊಂಟದ ಮೂಳೆಗೆ ಕೂರಿಸುವ ಬಟ್ಟಲು, ಅದರೊಳಗೆ ತಿರುಗುವ ಗುಂಡು ಹಾಗೂ ತೊಡೆಮೂಳೆಯೊಳಗೆ ಇಳಿಯುವ ಲೋಹದ ದಂಡ ಇರುತ್ತವೆ. ರೋಗಿಯ ಸಿ.ಟಿ. ಸ್ಕ್ಯಾನ್‌ನಿಂದ ಮೂಳೆಯ ಆಕಾರ ಮತ್ತು ಸಾಂದ್ರತೆಯನ್ನು ಪಡೆದು, ಮೂಳೆ ಹಾಗೂ ಕೀಲನ್ನು ಗಣಕಯಂತ್ರದಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಣ್ಣ ತುಣುಕುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತುಣುಕಿನ ಮೇಲೆ ಬೀಳುವ ಒತ್ತಡವನ್ನು ಲೆಕ್ಕ ಹಾಕಿ ಒಟ್ಟು ಚಿತ್ರವನ್ನು ಪಡೆಯುವ ಈ ಕ್ರಮಕ್ಕೆ ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರು. ವಿಮಾನ ಮತ್ತು ಸೇತುವೆಗಳ ವಿನ್ಯಾಸದಲ್ಲಿ ಬಳಕೆಯಲ್ಲಿದ್ದ ಈ ವಿಧಾನವು 1972ರ ಸುಮಾರಿಗೆ ಮೂಳೆಗಳ ಅಧ್ಯಯನಕ್ಕೆ ಬಂದಿತು.

ಲೆಕ್ಕಕ್ಕೆ ಬೇಕಾದ ಭಾರದ ಅಂಕಿಗಳು ಊಹೆಯಿಂದ ಬಂದವಲ್ಲ. ಜರ್ಮನಿಯ ಬರ್ಲಿನ್‌ನಲ್ಲಿ ಬರ್ಗ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಅಳತೆಯ ಉಪಕರಣವಿದ್ದ ಕೃತಕ ಕೀಲುಗಳನ್ನೇ ರೋಗಿಗಳಿಗೆ ಅಳವಡಿಸಿ, ನಡೆಯುವಾಗ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಭಾರ ಬೀಳುತ್ತದೆಂದು ಕಂಡುಕೊಂಡರು. 60 ಕಿಲೋ ತೂಕದ ವ್ಯಕ್ತಿಗೆ ಇದು 140 ಕಿಲೋ ಮೀರುತ್ತದೆ. ಎಡವಿದ ಕ್ಷಣದಲ್ಲಿ ಭಾರವು ದೇಹತೂಕದ ಎಂಟು ಪಟ್ಟಿನ ಆಸುಪಾಸಿಗೆ ಏರಿದ್ದೂ ದಾಖಲಾಗಿದೆ.

ಯಾವ ತೊಂದರೆಗಳನ್ನು ಪರಿಶೀಲಿಸಬಹುದು

ಮೊದಲನೆಯದು ಸವೆತ. ಭಾರ ಹೆಚ್ಚಿದಷ್ಟೂ, ಜಾರುವ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚುತ್ತದೆ ಎಂಬ ನಿಯಮದ ಮೇಲೆ ವರ್ಷಗಳ ಸವೆತವನ್ನು ಮುಂಚಿತವಾಗಿ ಅಂದಾಜಿಸಲಾಗುತ್ತದೆ. ಎರಡನೆಯದು ಸಡಿಲಿಕೆ. ಸಿಮೆಂಟ್ ಇಲ್ಲದೆ ಕೂರಿಸಿದ ದಂಡವು ಮೂಳೆಯೊಳಗೆ ಸುಮಾರು 40 ಮೈಕ್ರಾನ್‌ಗಿಂತ ಕಡಿಮೆ ಅಲುಗಿದರೆ ಮೂಳೆ ಅದನ್ನು ಹಿಡಿದುಕೊಂಡು ಬೆಳೆಯುತ್ತದೆ. 150 ಮೈಕ್ರಾನ್ ಮೀರಿದರೆ ನಡುವೆ ನಾರಿನ ಪೊರೆ ಬೆಳೆದು ಹಿಡಿತ ಸಿಗುವುದಿಲ್ಲ. ಇಷ್ಟು ಸೂಕ್ಷ್ಮ ಅಲುಗಾಟ ಎಕ್ಸ್‌-ರೇಯಲ್ಲಿ ಕಾಣದು, ಆದರೆ ಲೆಕ್ಕದಲ್ಲಿ ಕಾಣುತ್ತದೆ. ಮೂರನೆಯದಾಗಿ, ಲೋಹವು ಮೂಳೆಗಿಂತ ಹಲವು ಪಟ್ಟು ಬಿಗಿಯಾದ ಕಾರಣ ಭಾರವನ್ನೆಲ್ಲ ತಾನೇ ಹೊತ್ತು, ಕೆಲಸವಿಲ್ಲದ ಮೂಳೆ ತೆಳುವಾಗುವುದನ್ನೂ ಈ ವಿಧಾನದಲ್ಲಿ ತೋರಿಸಬಹುದು.

ಕೀಲು ಜಾರುವಿಕೆಯ ಬಗ್ಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಡಿಗೆ, ಮೆಟ್ಟಿಲೇರುವುದು, ಕುರ್ಚಿಯಿಂದ ಏಳುವುದು – ಸಿಮ್ಯುಲೇಶನ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಚಲನೆಗಳು ಇವೇ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವುದು ನಮ್ಮ ಜನರ ನಿತ್ಯದ ಚಲನೆಗಳು. ಇವುಗಳನ್ನು ಸೇರಿಸದ ವರದಿಯು ಕೀಲು ಸುರಕ್ಷಿತವೆಂದು ಹೇಳಿದರೆ, ಅದು ಯಾರ ಬದುಕಿಗೆ ಸುರಕ್ಷಿತ ಎಂದು ಕೇಳುವ ಹಕ್ಕು ಅರ್ಜಿದಾರರಿಗೆ ಇದ್ದೇ ಇದೆ.

ಎ.ಎಸ್.ಆರ್. ಕೀಲಿನ ಪ್ರಕರಣ

ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿಯು 2003ರಿಂದ ಮಾರಾಟ ಮಾಡಿದ ಎ.ಎಸ್.ಆರ್. ಕೀಲಿನಲ್ಲಿ ಗುಂಡು ಮತ್ತು ಬಟ್ಟಲು ಎರಡೂ ಕೋಬಾಲ್ಟ್-ಕ್ರೋಮಿಯಂ ಲೋಹದವು. ಅದರ ಬಟ್ಟಲಿನ ಒಳಮೈ ಅರ್ಧಗೋಳಕ್ಕಿಂತ ಗಣನೀಯವಾಗಿ ಕಡಿಮೆ ಆಳದ್ದಾಗಿತ್ತು. ಆದ್ದರಿಂದ ಬಟ್ಟಲನ್ನು ಸ್ವಲ್ಪ ಕಡಿದಾಗಿ ಕೂರಿಸಿದರೂ ಭಾರವು ಅಂಚಿನ ಮೇಲೆ ಬೀಳುತ್ತಿತ್ತು. ಅಂಚಿನಲ್ಲಿ ಜಾರುದ್ರವದ ಪದರ ನಿಲ್ಲುವುದಿಲ್ಲ. ಲೋಹಕ್ಕೆ ಲೋಹ ತಾಗಿ ಸವೆತ ಹಲವು ಪಟ್ಟು ಹೆಚ್ಚಿ, ಲೋಹದ ಕಣಗಳು ಸುತ್ತಲಿನ ಮಾಂಸಖಂಡವನ್ನು ಹಾಳುಮಾಡಿ ರಕ್ತವನ್ನೂ ಸೇರುತ್ತವೆ.

ಬಟ್ಟಲಿನ ಓರೆಯನ್ನು ಗಣಕಯಂತ್ರದಲ್ಲಿ ಐದೈದು ಡಿಗ್ರಿ ಬದಲಾಯಿಸಿ ನೋಡಿದರೆ ಇದು ತಿಳಿಯುವ ವಿಷಯವೇ ಆಗಿದೆ. ಆದರೆ 2002ರ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 14242ರ ಮೊದಲ ಭಾಗದಲ್ಲಿನ ಯಂತ್ರಪರೀಕ್ಷೆಯು ಬಟ್ಟಲು ಸರಿಯಾಗಿ ಕೂತಿದೆ ಎಂದೇ ಭಾವಿಸಿ ಐವತ್ತು ಲಕ್ಷ ಸುತ್ತುಗಳ ನಡಿಗೆಯನ್ನು ನಡೆಸುತ್ತದೆ. ಅಂಚಿನ ಮೇಲೆ ಭಾರ ಬೀಳುವ ಸ್ಥಿತಿಗೆ ಪ್ರತ್ಯೇಕ ಮಾನಕ ಭಾಗವು ಬಂದದ್ದು 2018ರಲ್ಲಿ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಟ್ಟಲು ಎಲ್ಲರಿಗೂ ಒಂದೇ ಕೋನದಲ್ಲಿ ಕೂರುವುದಿಲ್ಲ ಎಂಬುದು ಮೂಳೆ ವೈದ್ಯರಿಗೆ ಹೊಸ ಸಂಗತಿಯೇನೂ ಆಗಿರಲಿಲ್ಲ.

ದೋಷವನ್ನು ಹೊರಗೆಡಹಿದ್ದು ಕೊನೆಗೆ ರೋಗಿಗಳ ನೋಂದಣಿ ಪುಸ್ತಕಗಳು. ಆಸ್ಟ್ರೇಲಿಯಾದ ನೋಂದಣಿಯ ಅಂಕಿಗಳ ನಂತರ ಅಲ್ಲಿ 2009ರ ಡಿಸೆಂಬರ್‌ನಲ್ಲಿ ಈ ಕೀಲನ್ನು ಮಾರುಕಟ್ಟೆಯಿಂದ ತೆಗೆಯಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ನೋಂದಣಿಯಲ್ಲಿ ಐದು ವರ್ಷಗಳೊಳಗೆ ಶೇಕಡಾ 12ರಿಂದ 13 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾದದ್ದು ಕಂಡುಬಂದು, 2010ರ ಆಗಸ್ಟ್‌ನಲ್ಲಿ ವಿಶ್ವದಾದ್ಯಂತ ಹಿಂಪಡೆಯಲಾಯಿತು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಸಿಮ್ಯುಲೇಶನ್ ಆಯವ್ಯಯದ ಅಂದಾಜು ಪಟ್ಟಿ, ನೋಂದಣಿ ಪುಸ್ತಕವು ಲೆಕ್ಕಪರಿಶೋಧನಾ ವರದಿ. ಒಂದರ ಬದಲಿಗೆ ಮತ್ತೊಂದನ್ನು ಒಪ್ಪಿಕೊಳ್ಳಲಾಗದು.

ಭಾರತದಲ್ಲಿ ಸುಮಾರು 4,700 ಎ.ಎಸ್.ಆರ್. ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿ ಡಾ. ಅರುಣ್ ಅಗರ್ವಾಲ್ ಅವರ ಅಧ್ಯಕ್ಷತೆಯಲ್ಲಿ ರಚಿಸಿದ ತಜ್ಞರ ಸಮಿತಿಯು 2018ರಲ್ಲಿ ವರದಿ ನೀಡಿದಾಗ, ಇವರಲ್ಲಿ ಸುಮಾರು 3,600 ಮಂದಿ ಪತ್ತೆಯಾಗಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ವಯಸ್ಸು ಮತ್ತು ಅಂಗವಿಕಲತೆಯ ಪ್ರಮಾಣವನ್ನು ಆಧರಿಸಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರವನ್ನು ಪ್ರಕಟಿಸಲಾಯಿತು. ಇದಕ್ಕೆ ವ್ಯಾಪಕ ಪ್ರಚಾರ ನೀಡುವಂತೆ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸೂಚಿಸಿತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಸಿಮ್ಯುಲೇಶನ್ ವರದಿಯು ವಿನ್ಯಾಸದ ಬಗ್ಗೆ ಮಾತನಾಡುತ್ತದೆಯೇ ಹೊರತು ನಿಮ್ಮ ಕೀಲಿನ ಬಗ್ಗೆ ಅಲ್ಲ. ನಿಮ್ಮ ಸ್ವಂತ ಸ್ಕ್ಯಾನ್‌ನಿಂದ ಮಾದರಿ ಸಿದ್ಧಪಡಿಸಿದ್ದರೆ ಮಾತ್ರ ಅದು ನಿಮಗೆ ಸಂಬಂಧಿಸಿದ್ದು; ಆಗಲೂ ಅದು ಪೂರಕ ದಾಖಲೆಯೇ ಆಗಿದೆ. ಅಂಗವಿಕಲತೆಯ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿಮ್ಮನ್ನು ಪರೀಕ್ಷಿಸಿ ನಿರ್ಧರಿಸುತ್ತದೆ. ಮತ್ತೊಬ್ಬರು ಅಂತಹ ವರದಿಯನ್ನು ನಿಮ್ಮ ವಿರುದ್ಧ ಹಾಜರುಪಡಿಸಿದಲ್ಲಿ, ಬಟ್ಟಲಿನ ಯಾವ ಕೋನಗಳನ್ನು, ಯಾವ ಚಲನೆಗಳನ್ನು ಪರಿಗಣಿಸಲಾಗಿದೆ, ಲೆಕ್ಕದ ಫಲಿತಾಂಶವನ್ನು ಪ್ರಯೋಗಾಲಯದ ಅಳತೆಯೊಂದಿಗೆ ತಾಳೆ ನೋಡಲಾಗಿದೆಯೇ ಎಂಬುದನ್ನು ಲಿಖಿತವಾಗಿ ಕೇಳತಕ್ಕದ್ದು. ವೈದ್ಯಕೀಯ ಉಪಕರಣಗಳ ಗಣಕ ಮಾದರಿ ಎಷ್ಟು ನಂಬಲರ್ಹ ಎಂದು ಅಳೆಯಲು ಅಮೆರಿಕದ ಯಂತ್ರಶಿಲ್ಪಿಗಳ ಸಂಘವು 2018ರಲ್ಲಿ ವಿ ಅಂಡ್ ವಿ 40 ಎಂಬ ಮಾನಕವನ್ನೇ ಪ್ರಕಟಿಸಿದೆ.

ನಿಮ್ಮ ಕೈಯಲ್ಲಿ ಇರಬೇಕಾದ ಮುಖ್ಯ ದಾಖಲೆ ಎಂದರೆ ಕೀಲಿನ ಪೊಟ್ಟಣದ ಮೇಲಿನ ಚೀಟಿ. ತಯಾರಕರ ಹೆಸರು, ಮಾದರಿ ಮತ್ತು ಲಾಟ್ ಸಂಖ್ಯೆ ಇರುವುದು ಅದರಲ್ಲಿಯೇ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟುಕೊಂಡರೆ ಸಾಕು. ಕೇಳಿದ 72 ಗಂಟೆಗಳೊಳಗೆ ರೋಗಿಗೆ ಒದಗಿಸಬೇಕು. 2006ರಲ್ಲಿ ಶಸ್ತ್ರಚಿಕಿತ್ಸೆಯಾದವರ ದಾಖಲೆಗೆ 2010ರ ಹಿಂಪಡೆಯುವಿಕೆಯ ಹೊತ್ತಿಗೇ ಆ ಅವಧಿ ಮುಗಿದಿತ್ತು ಎಂಬುದನ್ನು ಗಮನಿಸಿ, ಬಿಡುಗಡೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಹಾಗೂ ಎಕ್ಸ್‌-ರೇಗಳ ಪ್ರತಿಗಳನ್ನು ಆಸ್ಪತ್ರೆಯಿಂದ ಹೊರಡುವಾಗಲೇ ಪಡೆದುಕೊಳ್ಳುವುದು ಸೂಕ್ತ.

ಮರುಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಕೀಲಿನ ಸವೆತವನ್ನು ಯಂತ್ರದಿಂದ ನೇರವಾಗಿ ಅಳೆಯಬಹುದಾದ್ದರಿಂದ, ಅದನ್ನು ವಿಲೇವಾರಿ ಮಾಡದೆ ಸಂರಕ್ಷಿಸುವಂತೆ ಶಸ್ತ್ರಚಿಕಿತ್ಸೆಗೆ ಮೊದಲೇ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಉಪಕರಣದಿಂದಾದ ತೊಂದರೆಯನ್ನು 2015ರಲ್ಲಿ ಆರಂಭವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮದಡಿ ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗಕ್ಕೆ ವರದಿ ಮಾಡಬಹುದಾಗಿದ್ದು, ವೈದ್ಯರಲ್ಲದೆ ರೋಗಿಗಳೂ ಇದನ್ನು ಮಾಡಬಹುದು. ವರದಿಯ ಒಂದು ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿಕೊಳ್ಳುವುದು.